‘ಮುಖಪರಿಚಯ’ ಮೂರನೇ ಕರಡು: ಚೌಕಿಯಲ್ಲಿ ಸಿಕ್ಕಿಹಾಕಿಕೊಂಡ ಕಥೆ

ನವೆಂಬರ್ 9

ನಾನು ಬರೆಯುತ್ತಿರುವ ಪತ್ತೇದಾರಿ ಕಾದಂಬರಿ ‘ಮುಖಪರಿಚಯ’ದ ಎರಡನೇ ಕರಡು ಮುಗಿದು ಒಂದು ತಿಂಗಳಾಯಿತು. 71,000 ಪದ. ಎರಡು ತಿಂಗಳು ಮುಟ್ಟಬಾರದು ಅಂತ ಶಪಥ ಮಾಡಿದ್ದೆ. ನಿನ್ನೆ ರಾತ್ರಿ ಮುರಿದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕುಂದಾಪುರದಿಂದ ಒಳಗೆ, ಘಟ್ಟದ ಬುಡದಲ್ಲಿ ಒಂದು ಊರು. ರಾತ್ರಿಯಿಡೀ ಯಕ್ಷಗಾನ ಬಯಲಾಟ. ಬೆಳಗ್ಗೆ ಮೇಳದ, ಅಂದರೆ ಆಟದ ತಂಡದ, ಹಳೇ ಮ್ಯಾನೇಜರ್ ಕೆರೆಯಲ್ಲಿ ಹೆಣವಾಗಿ ಸಿಗುತ್ತಾನೆ. ಅನುಮಾನ ಬಣ್ಣದ ವೇಷದವನ ಮೇಲೆ, ಅಂದರೆ ರಾಕ್ಷಸ ಪಾತ್ರ ಮಾಡುವವನ ಮೇಲೆ. ಆದರೆ ಅವನು ರಂಗಸ್ಥಳದಲ್ಲಿ ಕುಣಿಯುತ್ತಿದ್ದುದನ್ನು ಮುನ್ನೂರು ಜನ ನೋಡಿದ್ದಾರೆ. ತನಿಖೆಗೆ ಬರುವವನು ಇನ್‌ಸ್ಪೆಕ್ಟರ್ ವಸಂತ. ಅವನಿಗೆ ಹುಟ್ಟಿನಿಂದಲೇ ಮುಖದ ಗುರುತು ಸಿಗುವುದಿಲ್ಲ. ಹೆಂಡತಿಯದ್ದೂ ಇಲ್ಲ, ಕನ್ನಡಿಯಲ್ಲಿ ತನ್ನದೂ ಇಲ್ಲ.

ಇದಕ್ಕೆ ಪ್ರೊಸೊಪಗ್ನೋಸಿಯಾ ಅನ್ನುತ್ತಾರೆ. 1947ರಲ್ಲಿ ಈ ಹೆಸರಿಟ್ಟವರು ಯೋಆಖಿಮ್ ಬೋಡಾಮರ್ ಎಂಬ ಜರ್ಮನ್ ನರವೈದ್ಯರು. ಹುಟ್ಟಿನಿಂದಲೇ ಬರುವ ಬಗೆ ನೂರಕ್ಕೆ ಇಬ್ಬರಲ್ಲಿ ಇರಬಹುದು ಅಂತ ಒಂದು ಅಂದಾಜಿದೆ. ಗ್ರೀಕ್‌ನಲ್ಲಿ ಪ್ರೊಸೊಪಾನ್ ಅಂದರೆ ಮುಖ. ನಾಟಕದಲ್ಲಿ ಹಾಕುವ ಮುಖವಾಡಕ್ಕೂ ಅದೇ ಪದ. ಅದು ಗೊತ್ತಾದ ದಿನವೇ ನನ್ನ ಕಥೆ ಪೊಲೀಸ್ ಸ್ಟೇಷನ್ನಿಂದ ಎದ್ದು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಕೂತಿದ್ದು.

ಕನ್ನಡದಲ್ಲಿ ಏನನ್ನಬೇಕು? ಇರುಳುಗುರುಡು ಇದೆ, ಬಣ್ಣಗುರುಡು ಇದೆ. ಹಾಗಾದರೆ ಇದು ಮುಖಗುರುಡು, ಅಲ್ವಾ? ಆದರೆ ವಸಂತನಿಗೆ ಮುಖ ಚೆನ್ನಾಗಿಯೇ ಕಾಣುತ್ತದೆ. ಮೂಗು, ಹುಬ್ಬು, ಗಲ್ಲದ ಮಚ್ಚೆ ಎಲ್ಲ ಕಾಣುತ್ತವೆ. ಯಾರದ್ದು ಅಂತ ಮಾತ್ರ ಹೊಳೆಯುವುದಿಲ್ಲ. ಕೊನೆಗೆ ಆ ಪದವನ್ನು ಒಬ್ಬ ಕಾನ್‌ಸ್ಟೆಬಲ್ ಬಾಯಿಗೆ ಹಾಕಿದೆ. ಸಾಹೇಬರ ಬೆನ್ನ ಹಿಂದೆ ಆಡುವ ಮಾತಾಗಿ.

ನವೆಂಬರ್ 12

ಇಡೀ ಫೈಲಿನಲ್ಲಿ ‘ಮುಖ’ ಅಂತ ಹುಡುಕಿದೆ. 412 ಕಡೆ ಸಿಕ್ಕಿತು. ಮುಖ ಸಣ್ಣಗಾಯಿತು, ಮುಖ ಊದಿಸಿಕೊಂಡಳು, ಮುಖಕ್ಕೆ ಹೊಡೆದ ಹಾಗೆ ಹೇಳಿದ, ಯಾವ ಮುಖ ಇಟ್ಟುಕೊಂಡು ಬಂದೆ. ನಮ್ಮ ಭಾಷೆ ಮುಖವಿಲ್ಲದೆ ಎರಡು ಹೆಜ್ಜೆ ಇಡುವುದಿಲ್ಲ. ಕಥೆ ಪೂರ್ತಿ ವಸಂತನ ಕಣ್ಣಿಂದ ಸಾಗುತ್ತದೆ. ಹಾಗಾಗಿ ಎರಡು ದಿನ ಕೂತು ಇವನ್ನೆಲ್ಲ ಕಿತ್ತೆ.

ಆಮೇಲೆ ನೋಡಿದರೆ ಕಿತ್ತಿದ್ದೇ ತಪ್ಪು. ಇಂಥವರಲ್ಲಿ ಎಷ್ಟೋ ಜನರಿಗೆ ಸಿಟ್ಟು, ನಗು, ಹೆದರಿಕೆ ಎಲ್ಲ ಮುಖದಲ್ಲೇ ತಿಳಿಯುತ್ತದೆ. ವಯಸ್ಸೂ ಅಂದಾಜಾಗುತ್ತದೆ. ಅಂದರೆ ಎದುರಿಗಿರುವವನ ಮುಖ ಸಣ್ಣಗಾಗಿದ್ದು ವಸಂತನಿಗೆ ಗೊತ್ತಾಗುತ್ತದೆ, ಆ ಮುಖ ಯಾರದ್ದು ಅನ್ನುವುದು ಗೊತ್ತಾಗುವುದಿಲ್ಲ. ಇದು ನಾನು ಬರೆದಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ. ಮತ್ತೆ ಎರಡು ದಿನ ಕೂತು ಕಿತ್ತಿದ್ದನ್ನು ನೆಟ್ಟೆ.

ಇನ್ನೊಂದು ಕಸ ಸಿಕ್ಕಿತು. 14ನೇ ಅಧ್ಯಾಯದಲ್ಲಿ ವಸಂತನ ತಲೆಯ ಹೊಲಿಗೆ ಗುರುತು ಇನ್ನೂ ಹಾಗೇ ಕೂತಿದೆ. ಮೊದಲ ಕರಡಿನಲ್ಲಿ ಅವನಿಗೆ ಬೈಕ್ ಅಪಘಾತವಾಗಿ ಹೀಗಾಗಿತ್ತು. ಪೆಟ್ಟಿನಿಂದಲೋ ಪಾರ್ಶ್ವವಾಯುವಿನಿಂದಲೋ ಬಂದರೆ ಇದು ಒಂಟಿಯಾಗಿ ಬರುವುದು ಕಡಿಮೆ. ಎಷ್ಟೋ ಸಲ ಬಣ್ಣ ಮಂಕಾಗುತ್ತದೆ, ಗೊತ್ತಿದ್ದ ದಾರಿ ತಪ್ಪುತ್ತದೆ, ನೋಟದಲ್ಲಿ ಮೇಲೆ ಎಡಕ್ಕೆ ಒಂದು ತುಂಡು ಕಾಣದೇ ಹೋಗುತ್ತದೆ. ಅಂಥವನಿಗೆ ಯಾರು ಜೀಪು ಕೊಡುತ್ತಾರೆ? ಅದಕ್ಕೇ ಹುಟ್ಟಿನಿಂದ ಅಂತ ಬದಲಾಯಿಸಿದ್ದು. ನೇಮಕಾತಿಯಲ್ಲಿ ಎತ್ತರ, ಎದೆ, ಕಣ್ಣು ನೋಡುತ್ತಾರೆ. ಇದನ್ನು ನೋಡುವುದಿಲ್ಲ. ಎಷ್ಟೋ ಜನಕ್ಕೆ ದೊಡ್ಡವರಾಗುವ ತನಕ ತಮಗೇ ತಿಳಿದಿರುವುದಿಲ್ಲ. ಅಪಘಾತದ ಅಧ್ಯಾಯ 4,200 ಪದ ಇತ್ತು. ನನಗೆ ಬಹಳ ಇಷ್ಟವಾಗಿತ್ತು. ಹೋಯಿತು.

ನವೆಂಬರ್ 23

ಈ ವಾರ ಬಾಗಿಲುಗಳದ್ದೇ ಕೆಲಸ. ‘ರಮೇಶ ಒಳಗೆ ಬಂದ’ ಅಂತ ನಾನು ಬರೆಯುವ ಹಾಗಿಲ್ಲ. ಬಂದವನು ರಮೇಶ ಅಂತ ವಸಂತನಿಗೆ ಇನ್ನೂ ಗೊತ್ತಿಲ್ಲ. ಪ್ರತಿ ಸಲ ಯಾರೋ ಒಬ್ಬ ಬರಬೇಕು, ನಡಿಗೆಯೋ ದನಿಯೋ ಸಿಗಬೇಕು, ಆಮೇಲೆ ಹೆಸರು. ನಲವತ್ತು ಸಲ ಇದನ್ನೇ ಮಾಡಿದರೆ ಓದುವವರು ಪುಸ್ತಕ ಬಿಸಾಡುತ್ತಾರೆ.

ಕನ್ನಡ ಇಲ್ಲಿ ಕೈಯೂ ಹಿಡಿಯಿತು, ಕೈಯೂ ಕೊಟ್ಟಿತು. ಹೆಸರಿಲ್ಲದೆ ‘ಬಂದ, ಕೂತ, ಕೆಮ್ಮಿದ’ ಅಂತ ಆರಾಮಾಗಿ ಓಡಿಸಬಹುದು. ಆದರೆ ಬಂದ ಅನ್ನಬೇಕೋ ಬಂದರು ಅನ್ನಬೇಕೋ? ಗುರುತೇ ಸಿಗದವನಿಗೆ ಮರ್ಯಾದೆ ಎಷ್ಟು ಕೊಡಬೇಕು ಅಂತ ಹೇಗೆ ಗೊತ್ತಾಗಬೇಕು! ಅದಕ್ಕೇ ವಸಂತ ಎಲ್ಲರಿಗೂ ‘ನೀವು’ ಅನ್ನುತ್ತಾನೆ. ಎಸ್‌ಪಿಗೂ, ಅಡಿಕೆ ಕಳ್ಳನಿಗೂ. ಸ್ಟೇಷನ್ನಿನಲ್ಲಿ ಎಲ್ಲರೂ ಇವರದ್ದು ಭಾರೀ ಸಜ್ಜನಿಕೆ ಅಂದುಕೊಂಡಿದ್ದಾರೆ. ಯಾರೇ ಎದುರಾದರೂ ‘ಬನ್ನಿ ಬನ್ನಿ, ಊಟ ಆಯ್ತಾ?’ ಅನ್ನುತ್ತಾನೆ. ಹೆಸರೇ ಬೇಕಿಲ್ಲದ ಪ್ರಶ್ನೆ. ಯೂನಿಫಾರಂ ಹಾಕಿದ ಸಿಬ್ಬಂದಿಯ ಎದೆ ಮೇಲೆ ಹೆಸರಿನ ಪಟ್ಟಿ ಇರುತ್ತದೆ, ಬಚಾವ್. ಅದೇ ಕಾನ್‌ಸ್ಟೆಬಲ್ ಲುಂಗಿ ಉಟ್ಟು ಸಂತೆಯಲ್ಲಿ ಸಿಕ್ಕರೆ ಕಥೆ ಮುಗಿಯಿತು.

ಈ ವಾರ ಸರಿಯಾಗಿ ಬಂದಿದ್ದು ಒಂದೇ ಜಾಗ. ಸತ್ತವನ ಮನೆ, ಹನ್ನೊಂದನೇ ದಿನ:

‘ಅಂಗಳದಲ್ಲಿ ಮೂವರು ಕೂತಿದ್ದರು. ಮೂವರದ್ದೂ ತಲೆ ನುಣ್ಣಗೆ. ಮೂವರಿಗೂ ಮೀಸೆ ಇಲ್ಲ, ಮೂವರಿಗೂ ಬಿಳಿ ಪಂಚೆ. ಕಳೆದ ವಾರ ದೊಡ್ಡವನಿಗೆ ಗುಂಗುರು ಕೂದಲಿತ್ತು, ನಡುವಿನವನಿಗೆ ನೆರೆತ ಮೀಸೆ. ವಸಂತ ಬೂಟಿನ ಲೇಸು ಬಿಚ್ಚುವ ನೆಪದಲ್ಲಿ ಬಗ್ಗಿದ. ಯಾರಾದರೂ ಕೆಮ್ಮಲಿ ಅಂತ ಕಾದ.’

ಇಲ್ಲಿ ಅವನು ತಪ್ಪುತ್ತಾನೆ. ದೊಡ್ಡವನಿಗೆ ಹೇಳಬೇಕಾದ ಗುಟ್ಟನ್ನು ಸಣ್ಣವನ ಕಿವಿಗೆ ಹಾಕುತ್ತಾನೆ. ಇದು ನನಗೆ ಬೇಕೇ ಬೇಕಿತ್ತು. ಪತ್ತೇದಾರನಿಗೆ ಏನಾದರೂ ಕಾಯಿಲೆ ಕೊಟ್ಟ ತಕ್ಷಣ ಬದಲಿಗೆ ಒಂದು ಮಾಯಾಶಕ್ತಿ ಕೊಟ್ಟುಬಿಡುವ ಚಾಳಿ ಇದೆ. ನನಗೆ ಅದು ಆಗಿಬರುವುದಿಲ್ಲ. ವಸಂತ ನಡಿಗೆ ನೋಡುತ್ತಾನೆ, ಹೌದು. ಬೇರೆ ದಾರಿ ಇಲ್ಲದ್ದಕ್ಕೆ ನೋಡುತ್ತಾನೆ. ಎಷ್ಟೋ ಸಲ ಎಡವುತ್ತಾನೆ.

ಇದೇ ಕಾರಣಕ್ಕೆ ಹಳೇ ಕ್ಲೈಮ್ಯಾಕ್ಸ್ ಕೂಡ ತೆಗೆದೆ. 1980ರ ದಶಕದಲ್ಲಿ ಕೆಲವು ಪ್ರಯೋಗ ನಡೆದಿದ್ದವು. ಮುಖದ ಗುರುತು ಕಳೆದುಕೊಂಡವರಿಗೆ ಪರಿಚಯದವರ ಫೋಟೋ ತೋರಿಸಿದರೆ ಬಾಯಲ್ಲಿ ‘ಗೊತ್ತಿಲ್ಲ’ ಅನ್ನುತ್ತಿದ್ದರು. ಆದರೆ ಚರ್ಮದ ಬೆವರು ಅಳೆಯುವ ಯಂತ್ರದ ಮುಳ್ಳು ಅಲ್ಲಾಡುತ್ತಿತ್ತು. ಮೈಗೆ ಗೊತ್ತು, ಮನಸ್ಸಿಗೆ ಗೊತ್ತಿಲ್ಲ. ಓದಿ ರೋಮಾಂಚನವಾಗಿ ಬರೆದೂಬಿಟ್ಟಿದ್ದೆ. ಅಂಗೈ ಬೆವರಿತು, ಕೊಲೆಗಾರ ಸಿಕ್ಕಿದ. ಈಗ ಓದಿದರೆ ಭೂತ ಮೈಮೇಲೆ ಬಂದ ಹಾಗಿದೆ. ಆ ರೋಗಿಗಳದ್ದು ಪೆಟ್ಟಿನಿಂದ ಬಂದದ್ದು, ನಮ್ಮವನದ್ದು ಹುಟ್ಟಿನಿಂದ. ಅಲ್ಲಿಗೂ ಹೊಂದುವುದಿಲ್ಲ.

ಡಿಸೆಂಬರ್ 2

ನಿವೃತ್ತ ಎಎಸ್‌ಐ ಒಬ್ಬರು ಓದಿ ಕೊಟ್ಟರು. ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದರು. 11ನೇ ಅಧ್ಯಾಯದ ಮೇಲೆ ಅಡ್ಡಡ್ಡ ಗೀಟು. ಅದರಲ್ಲಿ ವಸಂತ ತಾನೇ ನಿಂತು ಗುರುತು ಪತ್ತೆ ಪರೇಡ್ ಮಾಡಿಸುತ್ತಾನೆ. ಮುಖ ಗೊತ್ತಾಗದವನು ಮುಖ ಗುರುತಿಸುವ ಪರೇಡ್ ನಡೆಸುವುದು ಎಂಥಾ ದೃಶ್ಯ ಅಂತ ನಾನು ಬೀಗಿದ್ದೆ. ಅವರು ನಕ್ಕರು. ‘ಅದು ಮ್ಯಾಜಿಸ್ಟ್ರೇಟ್ ಕೆಲಸ ಮಾರಾಯ್ರೆ. ಪೊಲೀಸರು ಅಲ್ಲಿ ನಿಲ್ಲುವ ಹಾಗೇ ಇಲ್ಲ.’ ಆರೋಪಿಯನ್ನು ಅವನ ಹಾಗೇ ಕಾಣುವ ಬೇರೆಯವರ ನಡುವೆ ನಿಲ್ಲಿಸುತ್ತಾರೆ, ಸಾಕ್ಷಿಯನ್ನು ಕರೆಸುತ್ತಾರೆ. ತನಿಖಾಧಿಕಾರಿ ಹೊರಗೆ.

ಬರುವಾಗ ಬಸ್ಸಿನಲ್ಲಿ ಇನ್ನೊಂದು ಹೊಳೆಯಿತು. ನನ್ನ ಮುನ್ನೂರು ಸಾಕ್ಷಿಗಳು ನೋಡಿದ್ದಾದರೂ ಏನನ್ನು? ಬಣ್ಣ, ಕಿರೀಟ, ಕೋರೆಹಲ್ಲು. ಆ ರಾತ್ರಿ ಅವರೆಲ್ಲರೂ ವಸಂತನೇ. ಪರೇಡ್ ಮಾಡಿದರೆ ಯಾರನ್ನು ಗುರುತಿಸುತ್ತಾರೆ? ಅಧ್ಯಾಯ ಹೋಯಿತು ಅಂತ ಬೇಜಾರಾಗಿದ್ದವನಿಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿತು.

ಸೆಕ್ಷನ್ ವಿಷಯವೂ ಬಂತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ 103. ಆದರೆ ‘302 ಹಾಕಿದ್ದಾರಂತೆ’ ಅಂದರೆ ಬರುವ ಗತ್ತು ಬೇರೆ. ಸುಮ್ನೆ ಕಥೆಯನ್ನು 2022-23ರ ತಿರುಗಾಟಕ್ಕೆ, ಮೇಳ ಊರೂರು ಸುತ್ತಿ ಆಟ ಆಡುವ ಆ ಕಾಲಕ್ಕೆ, ತಳ್ಳಿಬಿಟ್ಟೆ.

ಡಿಸೆಂಬರ್ 15

ನಿನ್ನೆ ರಾತ್ರಿ ಆಟ. ಈಗ ಕಾಲಮಿತಿಯ ಆಟಗಳೇ ಜಾಸ್ತಿ. ಬೆಳಗಿನ ತನಕ ನಡೆಯುವ ಹರಕೆ ಆಟವೇ ಬೇಕು ಅಂತ ಹುಡುಕಿಕೊಂಡು ಹೋಗಿದ್ದೆ. ಏಳು ಗಂಟೆಗೇ ಚೌಕಿಯ ಮೂಲೆಯಲ್ಲಿ ಕೂತೆ. ಬನಿಯನ್ ಹಾಕಿದ ಒಬ್ಬರು ನನಗೂ ಒಂದು ಲೋಟ ಚಾ ಕೊಡಿಸಿದರು. ಮಗಳ ಕಾಲೇಜು, ಮಂಡಿ ನೋವು, ಹೀಗೆ ಹತ್ತು ನಿಮಿಷ ಮಾತಾಡಿದೆವು. ಆಮೇಲೆ ಅವರು ಎದ್ದು ಹೋಗಿ ಸಾಲಿನಲ್ಲಿ ತಮ್ಮ ಜಾಗದಲ್ಲಿ ಕೂತರು. ನಾನು ಹೊರಗೆ ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಆ ಸಾಲಿನಲ್ಲಿ ಮನುಷ್ಯರೇ ಇರಲಿಲ್ಲ. ಎಲ್ಲ ಕೆಂಪು, ಹಳದಿ, ಕಪ್ಪು. ಚಾ ಕೊಡಿಸಿದವರು ಯಾರು? ಗೊತ್ತಾಗಲಿಲ್ಲ. ಒಬ್ಬೊಬ್ಬರನ್ನೇ ದಿಟ್ಟಿಸುತ್ತಾ ನಿಂತೆ. ಒಬ್ಬರು ಏಳುವಾಗ ಮಂಡಿ ಹಿಡಿದುಕೊಂಡರು. ಸಿಕ್ಕರು!

ವಸಂತನ ಬಗ್ಗೆ ಒಂದೂವರೆ ವರ್ಷ ಓದಿ ತಿಳಿಯದ್ದು ಆ ಹತ್ತು ನಿಮಿಷದಲ್ಲಿ ತಿಳಿಯಿತು.

ಮಧ್ಯರಾತ್ರಿ ಹೊತ್ತಿಗೆ ಪೆಟ್ಟೂ ಬಿತ್ತು. ಜೊತೆಗಿದ್ದ ಗೆಳೆಯ ಆಟದ ಹುಚ್ಚ. ಕಥೆ ಹೇಳಿದೆ, ಎರಡು ಗಂಟೆ ಕಾಲ ಬಣ್ಣದ ವೇಷದೊಳಗೆ ಬೇರೆಯವನಿದ್ದ ಅಂತ. ಅವನು ಕಡಲೆ ಜಗಿಯುವುದನ್ನು ನಿಲ್ಲಿಸಿ ಕೇಳಿದ: ‘ಅರ್ಥ ಹೇಳುವಾಗ ದನಿ ಗೊತ್ತಾಗಲ್ವಾ?’

ಎರಡು ಕರಡು, 71,000 ಪದ. ಯಕ್ಷಗಾನದಲ್ಲಿ ಮಾತಿದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ದಾರಿ ಒಂದೇ. ಅದಲುಬದಲು ಮಾತಿಲ್ಲದ ಹೊತ್ತಲ್ಲಿ ಆಗಬೇಕು. ಬಣ್ಣದ ವೇಷದ ಒಡ್ಡೋಲಗದಲ್ಲಿ, ಅಂದರೆ ಪಾತ್ರ ಮೊದಲು ರಂಗಕ್ಕೆ ಬರುವ ಹೊತ್ತಲ್ಲಿ, ತೆರೆಯ ಹಿಂದೆ, ತೆರೆಯ ಮೇಲೆ ಬರೀ ಕುಣಿತ, ಚಂಡೆ, ಆರ್ಭಟ. ಈಗ ಅದನ್ನು ಪೂರ್ತಿ ಮಾಡಿಸುವುದು ಕಡಿಮೆ. ಹರಕೆಯವರೇ ಹಟ ಹಿಡಿದು ಮಾಡಿಸಿದರು ಅಂತ ಸೇರಿಸಿಕೊಂಡೆ. ಗಡಿಯಾರ ಹಿಡಿದು ನೋಡಿದೆ. ನಿನ್ನೆಯದ್ದು 22 ನಿಮಿಷ. ಅಂದರೆ ಕೊಲೆಗಾರನ ಕೈಯಲ್ಲಿ ಎರಡು ಗಂಟೆ ಇಲ್ಲ, 22 ನಿಮಿಷ ಇದೆ. ಎರಡು ಕಿಲೋಮೀಟರ್ ಆಚೆ ಇದ್ದ ಕೆರೆಯನ್ನು ಎತ್ತಿ ಗದ್ದೆ ದಾಟಿದರೆ ಸಿಗುವ ಹಾಗೆ ಇಟ್ಟೆ. ಊರಿನ ನಕ್ಷೆ ನಾಲ್ಕನೇ ಸಲ ಬರೆದಾಯಿತು.

ವಸಂತನಿಗೆ ಸುಳಿವು ಸಿಗುವ ಜಾಗ ಮಾತ್ರ ಬದಲಾಗಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ. ಕಾನ್‌ಸ್ಟೆಬಲ್ ವೇಷದ ಮುಖವನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತಾನೆ. ವಸಂತ ದನಿ ಬಂದ್ ಮಾಡಿ, ಮೇಲರ್ಧಕ್ಕೆ ಅಂಗೈ ಅಡ್ಡ ಹಿಡಿದು, ಪಾದ ಮಾತ್ರ ನೋಡುತ್ತಾನೆ.

ಡಿಸೆಂಬರ್ 21

ಮೂರನೇ ಕರಡು 18 ಅಧ್ಯಾಯ ದಾಟಿದೆ, 46,300 ಪದ. 19ರಲ್ಲಿ ನಿಂತುಹೋಗಿದೆ.

ಎರಡನೆಯವನಿಗೂ ಅದೇ ಬಣ್ಣ ಆಗಬೇಕಲ್ಲ! ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚಿಟ್ಟಿ ಇಡುತ್ತಾರೆ. ಚುಕ್ಕೆ ಚುಕ್ಕೆಯಾಗಿ, ಒಂದರ ಮೇಲೊಂದು, ಮುಳ್ಳಿನ ಹಾಗೆ ಏಳುವ ತನಕ. ಗಂಟೆಗಟ್ಟಲೆ ಕೆಲಸ. ಒಂದೇ ಚೌಕಿಯಲ್ಲಿ ಒಂದೇ ಥರದ ಎರಡು ರಾಕ್ಷಸರು ಕೂತಿದ್ದರೆ ಚಾ ತರುವ ಹುಡುಗನಿಗೂ ಗೊತ್ತಾಗುತ್ತದೆ. ಬೇರೆ ಮನೆಯಲ್ಲಿ ಬಣ್ಣ ಮಾಡಿಕೊಂಡು ಬಂದ ಅನ್ನೋಣ. ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ಬರುವಾಗ ಆ ಚಿಟ್ಟಿ ಉದುರದೇ ಉಳಿಯುತ್ತದಾ? ಬೆವರಿಗೆ?

ಚಾ ಕೊಡಿಸಿದವರಿಗೇ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಂಗಳವಾರ ಮಧ್ಯಾಹ್ನ ಬನ್ನಿ, ನಿಮ್ಮ ಮುಖಕ್ಕೇ ಇಟ್ಟು ನೋಡೋಣ, ಆಮೇಲೆ ನೀವೇ ಗದ್ದೆ ಮೇಲೆ ಓಡಿ ಅಂದರು. ಹೂಂ ಅಂದೆ. ಫೋನ್ ಇಡುವ ಮೊದಲು ಇನ್ನೊಂದು ಹೇಳಿದರು. ಮೀಸೆ ತೆಗೆದು ಬನ್ನಿ.

ಇಪ್ಪತ್ತೆರಡು ವರ್ಷದ ಮೀಸೆ. ಮನೆಯಲ್ಲಿ ಇನ್ನೂ ಹೇಳಿಲ್ಲ.