36 ಡಿಗ್ರಿಯ ಸೆಕೆ

2024ರ ಏಪ್ರಿಲ್ 26. ನಮ್ಮ ದಕ್ಷಿಣ ಕನ್ನಡದಲ್ಲಿ ಲೋಕಸಭೆಗೆ ಮತದಾನ. ಬಿಸಿಲೇರುವ ಮೊದಲೇ ಓಟು ಹಾಕಿ ಬಂದ ಅಪ್ಪ, ಗಂಜಿ ಉಂಡು ಅಂಗಳಕ್ಕಿಳಿದರು. ಕೊನೆಯ ಕೊಯ್ಲಿನ ಅಡಿಕೆ ಒಣಗಲು ಹಾಕಿದ್ದೆವು, ಮಗುಚಬೇಕಿತ್ತು. ಅಷ್ಟರಲ್ಲಿ ಕಲಬುರಗಿಯಿಂದ ಅಕ್ಕನ ಫೋನು. "ಇಲ್ಲಿ 40 ದಾಟಿದೆ ಮಾರಾಯ, ನಿಮಗೇನು, ಬರೀ 36" ಎಂದಳು. ನಾನೂ ಹೌದೆಂದೆ. ಆ ಹೌದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೆವರು ಆರಿದರೆ ತಾನೇ ಮೈ ತಂಪಾಗುವುದು? ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುತ್ತದೆ, ಬೆವರು ಆರುವುದಿಲ್ಲ, ಬರೀ ಇಳಿಯುತ್ತದೆ. ಮೈಯ ನೀರು, ಉಪ್ಪು ಎರಡೂ ಹೋಗಿ, ಬಿಸಿ ಮಾತ್ರ ಒಳಗೇ ಉಳಿಯುತ್ತದೆ. ಆ ವಾರವಿಡೀ ರಾತ್ರಿಯೂ ಸೆಕೆ ಇಳಿದಿರಲಿಲ್ಲ, ಅಪ್ಪನಿಗೆ ಸರಿಯಾಗಿ ನಿದ್ದೆಯೂ ಇರಲಿಲ್ಲ.

ಹನ್ನೆರಡೂವರೆಗೆ ಅಮ್ಮ ಕೂಗಿದರು. ಅಪ್ಪ ಅಡಿಕೆಯ ನಡುವೆಯೇ ಕೂತುಬಿಟ್ಟಿದ್ದರು. ಮುಖ ಕೆಂಪೇರಿತ್ತು, ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಮುಷ್ಟಿಯಲ್ಲಿ ಎರಡು ಅಡಿಕೆ ಬಿಗಿಯಾಗಿ ಹಿಡಿದಿದ್ದರು. ಎತ್ತಿ ಜಗಲಿಗೆ ತಂದೆ. ನನ್ನನ್ನೇ ನೋಡಿ, "ಓಟಿಗೆ ಹೋಗುದು ಯಾವಾಗ? ಹೊತ್ತಾಯ್ತಲ್ಲ" ಎಂದರು. ಎಡಗೈ ತೋರುಬೆರಳಿನ ಉಗುರಿನ ಮೇಲೆ ಶಾಯಿ ಇನ್ನೂ ಕಪ್ಪಗೆ ಕಾಣುತ್ತಿತ್ತು. ನನ್ನ ಕೈಕಾಲು ತಣ್ಣಗಾದದ್ದು ಆಗಲೇ.

ಅಮ್ಮ ಪುನರ್ಪುಳಿ ನೀರು ಹಿಡಿದು ಓಡಿ ಬಂದರು. ಪಕ್ಕದ ಮನೆಯ ನರ್ಸ್ ಅಕ್ಕ ಫೋನಿನಲ್ಲೇ ತಡೆದರು: "ಮಾತು ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ, ಗಂಟಲಲ್ಲಿ ಸಿಕ್ಕೀತು. ಮೊದಲು ಮೈ ತಣಿಸಿ, ಆಮೇಲೆ ಕಾರು." ಅಂಗಿ ಬಿಚ್ಚಿ, ಬಾವಿಯ ನೀರು ಕೊಡಗಟ್ಟಲೆ ಮೈಮೇಲೆ ಹೊಯ್ದೆವು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬೈರಾಸು ಇಟ್ಟು, ಅಮ್ಮ ಹಾಳೆಯಲ್ಲಿ ಬೀಸುತ್ತಲೇ ಇದ್ದರು. ಬೈರಾಸು ನಿಮಿಷದೊಳಗೆ ಬೆಚ್ಚಗಾಗುತ್ತಿತ್ತು. ಕಾರಿನಲ್ಲೂ ಅದೇ ಕೆಲಸ.

ಆಸ್ಪತ್ರೆಯಲ್ಲಿ ನೋಡಿದಾಗ ಮೈಬಿಸಿ 103. ಅಷ್ಟು ನೀರು ಹೊಯ್ದ ಮೇಲೂ! 104 ದಾಟಿ ಬುದ್ಧಿ ಮಂಕಾದರೆ ಅದೇ ಹೀಟ್ ಸ್ಟ್ರೋಕ್, ಮಿದುಳು, ಮೂತ್ರಪಿಂಡಗಳಿಗೇ ಪೆಟ್ಟು ಬೀಳುತ್ತದೆ, ಮನೆಯಲ್ಲೇ ತಣಿಸಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಎರಡು ಬಾಟಲಿ ಡ್ರಿಪ್ ಇಳಿಯುವ ಹೊತ್ತಿಗೆ ಅಪ್ಪ ಕಣ್ಣು ಬಿಟ್ಟು ಕೇಳಿದ್ದು, "ಅಡಿಕೆ ರಾಶಿ ಮಾಡಿದಿರಾ?"

ಮೂರನೆಯ ದಿನ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಆರಕ್ಕೇ ನಾನು ಅಂಗಳಕ್ಕಿಳಿದೆ. ಅಪ್ಪ ಜಗಲಿಯಲ್ಲಿ ಬೊಂಡ ಕುಡಿಯುತ್ತಾ ಬೆರಳು ತೋರಿದರು, "ಆ ಮೂಲೆಯದ್ದು ಬಾಕಿ ಉಂಟು."