ಇನ್ನೂ ಮೇಲೆ ನೋಡಿ

ಟೈಗರ್ ಹಿಲ್‌ನಲ್ಲಿ ನಾನು ತೆಗೆದ ಫೋಟೋದಲ್ಲಿ ಹದಿನಾಲ್ಕು ಮಂಕಿ ಕ್ಯಾಪ್‌ಗಳಿವೆ. ಬೆಟ್ಟ ಇಲ್ಲ.

ನವೆಂಬರ್ ಮೊದಲ ವಾರ. ಡಾರ್ಜಿಲಿಂಗ್‌ನಿಂದ ಬೆಳಗಿನ ಜಾವ ಮೂರೂವರೆಗೇ ಹೊರಟಿದ್ದೆವು. ಜೀಪುಗಳ ಸಾಲಿನಲ್ಲಿ ಸಿಕ್ಕಿಕೊಂಡು, ಕೊನೆಯ ಅರ್ಧ ಕಿಲೋಮೀಟರ್ ನಡೆದು, ಫ್ಲಾಸ್ಕ್ ಹಿಡಿದು ನಿಂತ ಹೆಂಗಸರ ಹತ್ತಿರ ಎರಡೆರಡು ಕಪ್ ಕಾಫಿ ಕುಡಿದೆವು. ಅದನ್ನು ಕಾಫಿ ಅನ್ನೋಕೆ ನನಗೆ ಮನಸ್ಸಿಲ್ಲ, ಆದರೆ ಬಿಸಿಯಾಗಿತ್ತು. ಬೆಳಕು ಹರಿಯಿತು. ಎದುರಿಗೆ, ಕಾಂಚನಜುಂಗಾ ಕಾಣಬೇಕಿದ್ದ ಕಡೆ, ಬರೀ ಮೋಡ.

ಶಾಲೆಯಲ್ಲಿ ಇದನ್ನು ಕಾಂಚನಗಂಗಾ ಅಂತ ಓದಿದ್ದೆ. ಬಂಗಾರಕ್ಕೂ ಗಂಗೆಗೂ ಏನೋ ನಂಟಿರಬೇಕು ಅಂದುಕೊಂಡಿದ್ದೆ. ಎರಡೂ ಅಲ್ಲವಂತೆ. ಕಾಂಚನಜುಂಗಾ ಅನ್ನುವುದು ಟಿಬೆಟನ್ ಮೂಲದ ಹೆಸರು, ಮಹಾಹಿಮದ ಐದು ಭಂಡಾರ ಅಂತ ಅರ್ಥ. 8,586 ಮೀಟರ್ ಎತ್ತರ, ಜಗತ್ತಿನಲ್ಲಿ ಮೂರನೆಯದು. ಎವರೆಸ್ಟ್‌ನ ಲೆಕ್ಕ ಬರುವ ತನಕ ಇದನ್ನೇ ಎಲ್ಲಕ್ಕಿಂತ ಎತ್ತರ ಅಂತ ನಂಬಿದ್ದ ಕಾಲವೂ ಇತ್ತು. 1955ರ ಮೇ 25ರಂದು ಬ್ರಿಟನ್ನಿನ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಮೊದಲ ಸಲ ಹತ್ತಿದರು. ಆದರೆ ತುದಿಯನ್ನು ಮೆಟ್ಟಲಿಲ್ಲ. ಸಿಕ್ಕಿಂ ಜನರಿಗೆ ಅದು ದೇವರು. ಮೆಟ್ಟುವುದಿಲ್ಲ ಅಂತ ಕೊಟ್ಟ ಮಾತಿನಂತೆ ಕೆಲವೇ ಅಡಿ ಕೆಳಗೆ ನಿಂತು ವಾಪಸ್ ಬಂದರು. ಅಷ್ಟು ಹತ್ತಿರ ಹೋಗಿ ನಿಲ್ಲುವುದು! ನನ್ನ ಕೈಲಂತೂ ಆಗ್ತಿರಲಿಲ್ಲ.

ಟೈಗರ್ ಹಿಲ್ ಕೈಕೊಟ್ಟ ಮೇಲೆ, ಅದೇ ಬೆಟ್ಟ ಕಾಣುವ, ನೇಪಾಳದ ಗಡಿಯಲ್ಲಿರುವ ಸಂದಕ್‌ಫುಗೆ ಹೊರಟೆವು. ಮಾನೇಭಂಜಾಂಗ್‌ನಲ್ಲಿ ಗುರುತಿನ ಚೀಟಿ ತೋರಿಸಿ ಪರ್ಮಿಟ್ ಮಾಡಿಸಿಕೊಂಡು, ನಮ್ಮಪ್ಪನಿಗಿಂತ ಹಳೆಯದಾದ ಒಂದು ಲ್ಯಾಂಡ್ ರೋವರ್ ಹತ್ತಿದೆವು. ಇರುವುದು ಸುಮಾರು ಮೂವತ್ತು ಕಿಲೋಮೀಟರ್. ಅರ್ಧ ದಿನ ಹಿಡಿಯಿತು. ದಾರಿ ಭಾರತ, ನೇಪಾಳ ಎರಡರೊಳಗೂ ನುಗ್ಗಿ ಹೊರಡುತ್ತದೆ. ತುಮ್ಲಿಂಗ್‌ನಲ್ಲಿ ಚಹಾ ಕುಡಿದಾಗ ನಾವು ನೇಪಾಳದಲ್ಲಿದ್ದೆವು ಅಂತ ಗೊತ್ತಾಗಿದ್ದು ಲೋಟ ಖಾಲಿಯಾದ ಮೇಲೆ.

ಸಂದಕ್‌ಫು 3,636 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930. ಜೀಪಿನಿಂದ ಬ್ಯಾಗ್ ಇಳಿಸುವಷ್ಟರಲ್ಲೇ ಏದುಸಿರು. ಸಂಜೆಯೂ ಮೋಡವೇ. ಹೊರಗಿನ ಚಳಿಯಿಂದ ಕ್ಯಾಮೆರಾವನ್ನು ನೇರ ಊಟದ ಕೋಣೆಯ ಒಲೆ ಹತ್ತಿರ ತಂದೆ. ಲೆನ್ಸ್ ಪೂರ್ತಿ ಬೆವೆತುಹೋಯಿತು. ಬ್ಯಾಗಿನಲ್ಲೇ ಮುಚ್ಚಿಟ್ಟು ನಿಧಾನವಾಗಿ ಬೆಚ್ಚಗಾಗಲು ಬಿಡಬೇಕಿತ್ತು. ಬ್ಯಾಟರಿಯೂ ಚಳಿಗೆ ಬೇಗ ಸೋಲುತ್ತದೆ ಅಂತ ಎರಡು ಬ್ಯಾಟರಿಗಳನ್ನೂ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡೇ ಮಲಗಿದೆ.

ಬೆಳಿಗ್ಗೆ ಐದಕ್ಕೆ ಹೊರಬಂದರೆ ಬಕೆಟ್ ನೀರಿನ ಮೇಲೆ ತೆಳ್ಳಗೆ ಐಸ್ ಕಟ್ಟಿತ್ತು. ಟ್ರೈಪಾಡ್ ನಿಲ್ಲಿಸಿ ಉತ್ತರಕ್ಕೆ ನೋಡಿದೆ. ಕಪ್ಪು ಗುಡ್ಡಗಳ ಸಾಲು, ಅದರ ಮೇಲೆ ಮೋಡ. ಇವತ್ತೂ ಇಲ್ಲ ಅಂತ ಗೊಣಗಿದೆ. ಪಕ್ಕದಲ್ಲಿ ನಿಂತಿದ್ದ ಡ್ರೈವರ್ ದಾಜು (ನೇಪಾಳಿಯಲ್ಲಿ ದಾಜು ಅಂದರೆ ಅಣ್ಣ) ನಕ್ಕು, "ಔರ್ ಊಪರ್" ಅಂದರು. ಕತ್ತೆತ್ತಿದೆ. ಆ ಮೋಡದ ಮೇಲೆ, ಆಕಾಶ ಅಂತ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗದಲ್ಲಿ, ಬೂದಿ ಬಣ್ಣದ ಇಡೀ ಬೆಟ್ಟ ನಿಂತಿತ್ತು. ಅದಿರುವುದು ಎಪ್ಪತ್ತು ಕಿಲೋಮೀಟರ್ ಆಚೆ. ಅಷ್ಟು ದೂರದ್ದು ಅಷ್ಟು ಮೇಲೆ ಇರುತ್ತದೆ ಅಂತ ಯಾರು ಅಂದುಕೊಳ್ತಾರೆ?

ಸೂರ್ಯ ಬಂದದ್ದು ಬಲಗಡೆಯಿಂದ. ನಮ್ಮ ಕಾಲಬುಡ ಇನ್ನೂ ಕತ್ತಲು, ತುದಿಗೆ ಮಾತ್ರ ಕುಂಕುಮ ಕದಡಿದ ನೀರಿನ ಬಣ್ಣ. ಆ ಬಣ್ಣ ಇಳಿಯುತ್ತಾ ಕಿತ್ತಳೆಯಾಯಿತು, ಆಮೇಲೆ ಹಳದಿ. ನಾನು ಆ ಹೊತ್ತನ್ನೆಲ್ಲ ಕ್ಯಾಮೆರಾ ಜೊತೆ ಜಗಳದಲ್ಲೇ ಕಳೆದೆ. ಸುತ್ತ ಕತ್ತಲಿದ್ದದ್ದರಿಂದ ಅದು ಬೆಳಕು ಜಾಸ್ತಿ ಎಳೆದುಕೊಂಡು ಶಿಖರವನ್ನು ಬಿಳಿಚಿಸಿಬಿಟ್ಟಿತು. ಎಕ್ಸ್‌ಪೋಶರ್ (ಕ್ಯಾಮೆರಾ ಎಳೆದುಕೊಳ್ಳುವ ಬೆಳಕು) ಇಳಿಸಿದ ಮೇಲೆ ಬಣ್ಣ ಬಂತು. ಬಿಸಿಲು ಏರಿದಾಗ ಉಲ್ಟಾ. ಫ್ರೇಮ್ ತುಂಬಾ ಹಿಮವಿದ್ದರೆ ಕ್ಯಾಮೆರಾ ಅದನ್ನು ಬೂದಿ ಮಾಡುತ್ತದೆ, ಒಂದು ಸ್ಟಾಪ್, ಅಂದರೆ ಬೆಳಕನ್ನು ಎರಡರಷ್ಟು, ಏರಿಸಬೇಕು. ನಾನು ಏರಿಸಲು ಮರೆತೆ.

ಇಲ್ಲಿಂದ ಕಾಣುವ ಸಾಲನ್ನು ಮಲಗಿದ ಬುದ್ಧ ಅನ್ನುತ್ತಾರೆ. ಕಾಂಚನಜುಂಗಾ ಅವನ ಹೊಟ್ಟೆ. ತಲೆಯಾಗಿರುವ ಶಿಖರದ ಹೆಸರು ಕುಂಭಕರ್ಣ! ಮಲಗುವುದಕ್ಕೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಎಡಕ್ಕೆ ದೂರದಲ್ಲಿ ಎವರೆಸ್ಟ್ ಗುಂಪು. ಖುಷಿಯಿಂದ ಹನ್ನೊಂದು ಫೋಟೋ ತೆಗೆದೆ. ಸ್ಕ್ರೀನ್ ನೋಡಿ ದಾಜು ಮತ್ತೆ ನಕ್ಕರು. ನಾನು ತೆಗೆದದ್ದು ಮಕಾಲು ಶಿಖರ. ಅದು ನಮಗೆ ಹತ್ತಿರ, ಹಾಗಾಗಿ ದೊಡ್ಡದಾಗಿ ಕಾಣುತ್ತದೆ. ಎವರೆಸ್ಟ್ ಅದರ ಪಕ್ಕದಲ್ಲಿ ಹಿಂದಿನ ಬೆಂಚಿನ ಹುಡುಗನ ಹಾಗೆ ಕೂತಿತ್ತು.

ಒಂಬತ್ತರ ಹೊತ್ತಿಗೆ ಕಣಿವೆ ಕಾದು ಮೋಡ ಏಳತೊಡಗಿತು. ಮೊದಲು ಬುದ್ಧನ ಕಾಲು ಹೋಯಿತು, ಆಮೇಲೆ ಹೊಟ್ಟೆ. ಹನ್ನೊಂದಕ್ಕೆ ಬಂದ ಜೀಪಿನಿಂದ ಇಳಿದ ಇಬ್ಬರು "ಯಾವ ಕಡೆ?" ಅಂತ ಕೇಳಿದರು. ಮೋಡದ ಕಡೆ ಕೈ ತೋರಿಸಿದೆ. ಆಮೇಲೆ ಕೈಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿದೆ.