ಪ್ರೊಪೊಫಾಲ್ ಅಳೆಯುವ ಬೆಳಕಿನ ಡಬ್ಬಿ: ಕೆಲಸ ಎಲ್ಲಿಗೆ ಬಂತು

ರಕ್ತದಲ್ಲಿನ ಪ್ರೊಪೊಫಾಲ್ ಔಷಧಿಯನ್ನು ಬಣ್ಣದಿಂದ ಅಳೆಯಲೆಂದು ನಾನು ಕಟ್ಟುತ್ತಿರುವ ಡಬ್ಬಿ ಈಗ ನಂಬುವ ಹಾಗೆ ರೀಡಿಂಗ್ ಕೊಡುತ್ತಿದೆ. ಒಳಗೆ 590 ನ್ಯಾನೊಮೀಟರ್ ತರಂಗಾಂತರದ ಹಳದಿ ಎಲ್‌ಇಡಿ, ದ್ರವ ಹಾಕಲು ಒಂದು ಸೆಂಟಿಮೀಟರಿನ ಪಾರದರ್ಶಕ ಕ್ಯುವೆಟ್, ಎದುರಿಗೆ ಬೆಳಕು ಅಳೆಯುವ ಫೋಟೊಡಯೋಡ್, ಹಿಂದೆ ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್. ಎಲ್‌ಇಡಿ ಹಚ್ಚಿ ಒಮ್ಮೆ, ಆರಿಸಿ ಒಮ್ಮೆ ಓದಿ ಕಳೆಯುತ್ತೇನೆ. ಹಾಗಾಗಿ ರೂಮಿನ ಟ್ಯೂಬ್‌ಲೈಟಿನ ಕಾಟ ಇಲ್ಲ.

ಆಪರೇಷನ್ ವೇಳೆ ಎಚ್ಚರ ತಪ್ಪಿಸಲು ಕೊಡುವ ಪ್ರೊಪೊಫಾಲ್ ರಕ್ತದಲ್ಲಿ ಎಷ್ಟಿದೆ ಅಂತ ಸಾಮಾನ್ಯವಾಗಿ ಅಳೆಯುವುದೇ ಇಲ್ಲ. ಕೆಲವು ಪಂಪುಗಳು ವಯಸ್ಸು, ತೂಕದ ಮೇಲೆ ಅಂದಾಜು ಹಾಕುತ್ತವೆ. ಆದರೆ ಒಂದೇ ತೂಕದ ಇಬ್ಬರ ಮೈ ಒಂದೇ ಥರ ಇರಲ್ಲ, ಅಲ್ವಾ? ಬ್ರಿಟನ್ನಿನ ಸ್ಫಿಯರ್ ಮೆಡಿಕಲ್ ಕಂಪನಿಯ ಪೆಲೋರಸ್ ಯಂತ್ರ ಇದನ್ನು ಬಣ್ಣದಿಂದಲೇ, ಸುಮಾರು 5 ನಿಮಿಷದಲ್ಲಿ ಅಳೆದು ತೋರಿಸಿತ್ತು. ನನಗೆ ಆಸೆ ಹುಟ್ಟಿದ್ದು ಅಲ್ಲಿಂದ.

ಅಸಲಿ ಔಷಧಿ ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಅದರ ಬದಲು ಥೈಮಾಲ್ ಬಳಸುತ್ತಿದ್ದೇನೆ. ಓಂಕಾಳಿಗೆ ಆ ಘಾಟು ಕೊಡುವುದು ಇದೇ. ಎರಡೂ ಫೀನಾಲ್ ಜಾತಿಯವು, ಎರಡೂ ಗಿಬ್ಸ್ ರಿಯೇಜೆಂಟ್ (ಫೀನಾಲ್ ಸಿಕ್ಕರೆ ಬಣ್ಣ ಕೊಡುವ ರಾಸಾಯನಿಕ) ಜೊತೆ ನೀಲಿಯಾಗುತ್ತವೆ. ಬಿಳಿಗಾರದ ನೀರಿನಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರ ಮೇಲೆ ನಿಲ್ಲುತ್ತದೆ, ಈ ಕೆಲಸಕ್ಕೆ ಅಷ್ಟು ಬೇಕು. ಆಲ್ಕೋಹಾಲಿನಲ್ಲಿ ಕರಗಿಸಿದ ರಿಯೇಜೆಂಟ್ ಬಿಟ್ಟರೆ ಮೊದಲು ತೆಳು ಹಳದಿ. ಆಮೇಲೆ ಹಸಿರು ಛಾಯೆ. ನೋಡನೋಡುತ್ತಾ ನೀಲಿ ಏರುತ್ತದೆ. ನೀಲಿ ಏರಿದಷ್ಟೂ ಹಳದಿ ಬೆಳಕನ್ನು ಹೆಚ್ಚು ನುಂಗುತ್ತದೆ, ಡಬ್ಬಿ ಅಳೆಯುವುದು ಅದನ್ನೇ. ಎಷ್ಟು ಸಲ ನೋಡಿದರೂ ನನಗೆ ಬೇಜಾರಿಲ್ಲ. ಕರಗಿಸಿದ ರಿಯೇಜೆಂಟ್ ಬೇಗ ಕೆಡುತ್ತದೆ, ಅದಕ್ಕೇ ಆಗಿಂದಾಗ್ಗೆ ಬೇಕಾದಷ್ಟೇ ಮಾಡಿಕೊಳ್ಳುತ್ತೇನೆ.

ಈ ಸಲದ ಮುಖ್ಯ ಬದಲಾವಣೆ ಕೋಡಿನಲ್ಲಿದೆ. ಬಣ್ಣ ಪೂರ್ತಿ ಏರುವವರೆಗೆ ಸುಮ್ನೆ ಕಾಯುತ್ತಿಲ್ಲ, ಶುರುವಿನಲ್ಲಿ ಅದು ಏರುವ ವೇಗವನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಥೈಮಾಲ್ ಜಾಸ್ತಿ ಇದ್ದಷ್ಟೂ ಗ್ರಾಫಿನ ಗೆರೆ ಕಡಿದಾಗಿ ಏಳುತ್ತದೆ. ಉತ್ತರ ಬೇಗ ಸಿಗಬೇಕೆಂದರೆ ಇದೇ ದಾರಿ ಅಂತ ನನ್ನ ನಂಬಿಕೆ. ಒಂದೇ ತೊಡಕು, ಬಿಸಿಲೇರಿದರೆ ವೇಗವೂ ಏರುತ್ತದೆ. ಕ್ಯುವೆಟ್ ಹಿಡಿಕೆಗೆ ಹೀಟರ್, ಬಿಸಿ ಅಳೆಯುವ ಥರ್ಮಿಸ್ಟರ್ ಕೂರಿಸಲೇಬೇಕು. ಪ್ರೊಪೊಫಾಲ್ ಅಣುವಿನಲ್ಲಿ ಓಎಚ್‌ನ (ಆಕ್ಸಿಜನ್-ಹೈಡ್ರೋಜನ್ ಜೋಡಿಯ) ಎರಡೂ ಪಕ್ಕ ಐಸೊಪ್ರೊಪೈಲ್ ಅನ್ನುವ ಪರಮಾಣು ಗುಂಪುಗಳಿವೆ, ಥೈಮಾಲಿನಲ್ಲಿ ಒಂದೇ ಕಡೆ. ಹಾಗಾಗಿ ಇಲ್ಲಿನ ವೇಗದ ಅಂಕಿ ಅಲ್ಲಿಗೆ ಹಾಗೇ ಹೊಂದುವುದಿಲ್ಲ. ಅದಕ್ಕೆ ಬೇರೆಯೇ ಕ್ಯಾಲಿಬ್ರೇಷನ್ (ಗೊತ್ತಿರುವ ಪ್ರಮಾಣ ಹಾಕಿ ಅಳತೆ ಹೊಂದಿಸುವುದು) ಬೇಕು.

ರಕ್ತದ ಮಾತು ಇನ್ನೂ ಕಷ್ಟ. ಹಿಮೊಗ್ಲೋಬಿನ್ 577 ನ್ಯಾನೊಮೀಟರ್ ಹತ್ತಿರ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ನನ್ನ ಹಳದಿ ಎಲ್‌ಇಡಿ ಪಕ್ಕದಲ್ಲೇ ಇದೆ. 630ರ ಕೆಂಪು ಎಲ್‌ಇಡಿಗೆ ಹೋದರೆ ನೀಲಿಯ ಸಿಗ್ನಲ್ ಸ್ವಲ್ಪ ಇಳಿಯುತ್ತದೆ, ಆದರೆ ರಕ್ತದ ಕೆಂಪು ಅಡ್ಡ ಬರುವುದು ಬಹಳ ಕಡಿಮೆಯಾಗುತ್ತದೆ. ಎರಡನ್ನೂ ಹಾಕಿ ಹೋಲಿಸುವುದು ನನ್ನ ಯೋಚನೆ. ಇದಲ್ಲದೆ ರಕ್ತದಲ್ಲಿನ ಪ್ರೊಪೊಫಾಲಿನಲ್ಲಿ ಶೇ. 97ಕ್ಕೂ ಹೆಚ್ಚು ಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಡಿಸದೆ ಅಳೆದರೆ ಸುಳ್ಳು ಲೆಕ್ಕ.

ಮುಂದಿನ ಕೆಲಸ: ರಕ್ತದಲ್ಲಿರುವ ಪ್ರೋಟೀನ್ ಆದ ಅಲ್ಬುಮಿನ್ ಪುಡಿ ಕಲಸಿದ ನೀರಿನಲ್ಲಿ ಥೈಮಾಲ್ ಹಾಕಿ, ಅದನ್ನು ಸಿ18 ಕಾಲಂನಲ್ಲಿ (ಇಂಥ ವಸ್ತುಗಳನ್ನು ಹಿಡಿದಿಡುವ ಪುಡಿ ತುಂಬಿದ ಕೊಳವೆ) ಹಿಡಿದು, ಆಲ್ಕೋಹಾಲಿನಿಂದ ತೊಳೆದು ತೆಗೆದು ಓದುವುದು. ಕಾಲಂ ಆರ್ಡರ್ ಮಾಡಿದ್ದೇನೆ.